ಕಾಲಾಮರ ಸಂದೇಹವೂ ಎರ್ರಗುಡಿಯ ಬಂಡೆಯೂ

ಬುದ್ಧಪೂರ್ಣಿಮೆ ಸಮೀಪಿಸಿತೆಂದರೆ ಒಂದು ಮಾತು ಪ್ರತಿವರ್ಷವೂ ತಪ್ಪದೆ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಹಿಂದೆ ಅದು ಭಾಷಣಕಾರರ ಬಾಯಿಂದ ಬರುತ್ತಿತ್ತು. ಈಗ ಮೊಬೈಲ್ ಫೋನಿನಲ್ಲಿ, ಪದ್ಮಾಸನದ ಒಂದು ಚಿತ್ರದೊಡನೆ ಬರುತ್ತಿದೆ. ಅದರ ಸಾರಾಂಶವಿಷ್ಟು: ಯಾವ ಗ್ರಂಥದಲ್ಲಿದ್ದರೂ, ಯಾವ ಹಿರಿಯರು ಹೇಳಿದ್ದರೂ, ಬುದ್ಧನೇ ನುಡಿದಿದ್ದರೂ ಸರಿ, ನಿನ್ನ ಬುದ್ಧಿಗೆ ಒಪ್ಪದ್ದನ್ನು ನಂಬಬೇಡ. ಕೆಳಗೆ ‘ಕಾಲಾಮಸುತ್ತ’ ಎಂಬ ಆಧಾರವನ್ನು ಕೊಟ್ಟಿರುವುದೂ ಉಂಟು. ಇದನ್ನು ಕರಿಹಲಗೆಯ ನೆತ್ತಿಯ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಒಂದೆರಡು ಸಲವಲ್ಲ, ಹಲವಾರು ವರ್ಷ ಬರೆದೆವು. ಅದರಲ್ಲಿ ಏನೋ ತೊಡಕಿದೆಯೆಂದು ನಮಗೆ ಮೊದಲು ತಿಳಿಸಿದ್ದು ಯಾವ ಪಂಡಿತರ ಗ್ರಂಥವೂ ಅಲ್ಲ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಹಿಂದಿನ ಸಾಲಿನಿಂದ ಎದ್ದು ನಿಂತು, “ಹಂಗಾದ್ರೆ ಸಾರ್, ನೀವು ಹೇಳಿದ್ದೂ ನಂಬಬಾರ್ದೇನು?” ಎಂದು ಕೇಳಿದಳು. ತರಗತಿ ನಕ್ಕಿತು. ನಾವು ನಗಲಿಲ್ಲ. “ಅಧಿಕಪ್ರಸಂಗ ಸಾಕು, ಕೂತ್ಕೋ” ಎಂದೆವು. ಹುಡುಗಿ ಕುಳಿತಳು. ಗಂಟೆ ಹೊಡೆಯುವವರೆಗೂ ಆ ದಪ್ಪಕ್ಷರಗಳು ನಮ್ಮ ಬೆನ್ನ ಹಿಂದೆಯೇ ಇದ್ದುವು.

ಆ ಸಂಜೆಯೇ ಮೂಲವನ್ನು ಹುಡುಕಿ ಓದಬೇಕೆಂಬ ಬುದ್ಧಿ ಬಂದಿತೆಂದು ಹೇಳಿದರೆ ಸುಳ್ಳಾದೀತು. ಬರಲು ಕೆಲವು ತಿಂಗಳುಗಳೇ ಹಿಡಿದುವು. ಓದಿದ ಬಳಿಕ ತೋರಿದುದನ್ನು ನಮ್ಮ ಅಧ್ಯಾಪಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂಗುತ್ತರನಿಕಾಯದ ತಿಕನಿಪಾತದಲ್ಲಿ ಬರುವ ಈ ಸುತ್ತದ ಸನ್ನಿವೇಶ ಸರಳವಾದುದು. ಕೋಸಲ ದೇಶದಲ್ಲಿ ಸಂಚರಿಸುತ್ತಿದ್ದ ಬುದ್ಧನು ಕಾಲಾಮರೆಂಬವರ ಕೇಸಪುತ್ತವೆಂಬ ಊರಿಗೆ ಬರುತ್ತಾನೆ. ಊರವರು ಅವನ ಮುಂದೆ ತಮ್ಮ ಪೇಚಾಟವನ್ನು ತೋಡಿಕೊಳ್ಳುತ್ತಾರೆ. ಅವರ ಊರಿಗೆ ಶ್ರಮಣರೂ ಬ್ರಾಹ್ಮಣರೂ ಒಬ್ಬರಾದ ಮೇಲೊಬ್ಬರು ಬರುವರಂತೆ. ಬಂದವರು ತಮ್ಮ ತಮ್ಮ ಮತವನ್ನು ಬೆಳಗಿಸಿ ತೋರಿಸಿ, ಪರರ ಮತವನ್ನು ಹಳಿದು, ತೆಗಳಿ, ಕಾಲಡಿ ತುಳಿದು ಹೋಗುವರಂತೆ. ಇವರಲ್ಲಿ ಯಾರದು ನಿಜ, ಯಾರದು ಸುಳ್ಳು ಎಂಬುದೇ ಅವರ ಸಂದೇಹ. ವಾಚಕರು ಈ ಅಂಶವನ್ನು ಮರೆಯಬಾರದು. ಕಾಲಾಮರಿಗೆ ಉಪದೇಶದ ಬರವಿರಲಿಲ್ಲ. ಉಪದೇಶಕರು ಅತಿಯಾಗಿದ್ದರು, ಪ್ರತಿಯೊಬ್ಬ ಉಪದೇಶಕನೂ ತನ್ನೊಡನೆ ಒಂದಿಷ್ಟು ಪರನಿಂದೆಯನ್ನು ಹೊತ್ತು ತರುತ್ತಿದ್ದನು. ಬುದ್ಧನು ಅವರ ಸಂದೇಹವನ್ನು ತಪ್ಪೆನ್ನುವುದಿಲ್ಲ; ಸಂದೇಹಪಡಬೇಕಾದ ಎಡೆಯಲ್ಲಿಯೇ ಸಂದೇಹಪಟ್ಟಿರುವಿರೆಂದು ಹೇಳುತ್ತಾನೆ. ನಾವು ಅಧಿಕಪ್ರಸಂಗವೆಂದದ್ದನ್ನು ಅವನು ಸರಿಯೆಂದನು.

ಇನ್ನು ಪ್ರಸಿದ್ಧವಾದ ಪಟ್ಟಿ. ಇದರಿಂದ ನಂಬಿಬಿಡಬೇಡಿರೆಂದು ಹತ್ತು ಆಧಾರಗಳನ್ನು ಬುದ್ಧನು ಎಣಿಸುತ್ತಾನೆ. ಕೇಳಿಬಂದ ಮಾತು, ಪರಂಪರೆ, ವದಂತಿ, ಗ್ರಂಥದಲ್ಲಿರುವುದೆಂಬ ಕಾರಣ, ಈ ಮೊದಲ ನಾಲ್ಕು ಎಲ್ಲರಿಗೂ ಗೊತ್ತು, ಎಲ್ಲರಿಗೂ ಪ್ರಿಯ. ಐದನೆಯದಕ್ಕೆ ಬಂದೊಡನೆ ಪ್ರಿಯತೆ ಕಡಿಮೆಯಾಗಬೇಕು, ಏಕೆಂದರೆ ಐದನೆಯದು ತರ್ಕ. ಆರನೆಯದು ಅನುಮಾನಪ್ರಮಾಣ. ಏಳನೆಯದು ಕಾರಣಗಳನ್ನು ಹೊಂದಿಸಿ ಮಾಡಿದ ಊಹೆ. ಎಂಟನೆಯದಂತೂ ನಮ್ಮನ್ನು ಬೆಚ್ಚಿಬೀಳಿಸಿತು: ನಾವು ಚಿಂತಿಸಿ ಚಿಂತಿಸಿ ಒಪ್ಪಿಕೊಂಡ ದೃಷ್ಟಿಗೆ ಹೊಂದಿಕೆಯಾಗುವುದೆಂಬ ಕಾರಣಕ್ಕೆ ಒಂದನ್ನು ನಂಬುವುದು. ಎಂದರೆ, ‘ನನ್ನ ಬುದ್ಧಿಗೆ ಒಪ್ಪಿತು, ಆದ್ದರಿಂದ ನಿಜ’ ಎಂಬ ವಾದವೇ! ಹೇಳುವವನು ಯೋಗ್ಯನಂತೆ ತೋರುತ್ತಾನೆಂಬುದು ಒಂಬತ್ತನೆಯದು. ಹತ್ತನೆಯದು, ಈ ಶ್ರಮಣನು ನಮ್ಮ ಗುರುವೆಂಬ ಗೌರವ.

ಇದನ್ನು ಓದಿದ ಮೇಲೆ ಲೋಕಪ್ರಿಯ ವಾಕ್ಯದ ಗತಿಯೇನು? ಬುದ್ಧನು ಕೂಡದೆಂದು ಎಣಿಸಿದ ಎಂಟನೆಯ ಆಧಾರವನ್ನು ಎತ್ತಿ, ಅವನ ಬಾಯಲ್ಲಿಯೇ ವಿಧಿಯಾಗಿ ಇಟ್ಟಂತಾಯಿತು. ಅನುವಾದದಲ್ಲಿ ಸಣ್ಣಪುಟ್ಟ ಲೋಪಗಳು ಸಹಜ. ಇದು ಅಂಥದಲ್ಲ, ತಲೆಕೆಳಗು. ಆದರೂ ಇದು ಇಷ್ಟು ಬೇಗ ಹರಡಲು ಕಾರಣವಿಲ್ಲದಿಲ್ಲ. ಈ ಕಾಲದ ಮನುಷ್ಯನಿಗೆ ಅಜ್ಜನ ಮಾತನ್ನೂ ಗ್ರಂಥದ ಮಾತನ್ನೂ ಸಂದೇಹಿಸುವುದು ಕಷ್ಟವಲ್ಲ. ತನ್ನನ್ನು ತಾನು ಸಂದೇಹಿಸುವುದೊಂದೇ ಕಷ್ಟ. ಆ ಕಷ್ಟದ ಭಾಗವನ್ನು ಕತ್ತರಿಸಿ ಕೈಬಿಟ್ಟು, ಸುಲಭದ ಭಾಗವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ.

ಸುತ್ತವು ನಿಷೇಧದಲ್ಲಿಯೇ ನಿಲ್ಲುವುದೂ ಇಲ್ಲ. ಮುಂದೆ ಬುದ್ಧನು ಪ್ರಶ್ನೆ ಕೇಳುವವನಾಗುತ್ತಾನೆ. ಒಬ್ಬನಲ್ಲಿ ಲೋಭ ಹುಟ್ಟಿದರೆ ಅವನಿಗೆ ಹಿತವೋ ಅಹಿತವೋ? ದ್ವೇಷ ಹುಟ್ಟಿದರೆ? ಮೋಹ ಹುಟ್ಟಿದರೆ? ಕಾಲಾಮರೇ ಉತ್ತರ ಕೊಡುತ್ತಾರೆ, ಅಹಿತವೆಂದು. ಲೋಭಕ್ಕೆ ಸಿಕ್ಕವನು ಕೊಲ್ಲುತ್ತಾನೆ, ಕದಿಯುತ್ತಾನೆ, ಪರದಾರರನ್ನು ಕೆಣಕುತ್ತಾನೆ, ಸುಳ್ಳಾಡುತ್ತಾನೆ, ಇತರರನ್ನೂ ಅದಕ್ಕೆ ಹಚ್ಚುತ್ತಾನೆ. ಹಾಗಾದರೆ ಒಂದು ಬೋಧೆಯನ್ನು ಕೈಗೊಂಡಾಗ ಇವು ಬೆಳೆಯುತ್ತವೆಯೋ ಕುಗ್ಗುತ್ತವೆಯೋ ಎಂದು ನೀವೇ ನೋಡಿಕೊಳ್ಳಿ, ತಿಳಿದವರು ಅದನ್ನು ಹೊಗಳುತ್ತಾರೋ ತೆಗಳುತ್ತಾರೋ ಅದನ್ನೂ ನೋಡಿಕೊಳ್ಳಿ ಎಂಬುದು ಪರೀಕ್ಷೆ. ಬೋಧೆಯ ಬೇರನ್ನು ಕೇಳುವ ಪರೀಕ್ಷೆ ಇದಲ್ಲ, ಫಲವನ್ನು ಕೇಳುವುದು. ‘ತಿಳಿದವರು’ ಎಂಬ ಮಾತೂ ಲೋಕಪ್ರಿಯ ವಾಕ್ಯದಲ್ಲಿ ಇಲ್ಲ. ಕೊನೆಗೆ ಕಾಲಾಮರು ಮಾಡುವುದೇನು? ಶರಣು ಹೋಗುತ್ತಾರೆ. ಯಾರನ್ನೂ ಗುರುವೆಂಬ ಒಂದೇ ಕಾರಣಕ್ಕೆ ನಂಬಬೇಡಿರೆಂದವನನ್ನೇ ಗುರುವಾಗಿ ಒಪ್ಪುತ್ತಾರೆ. ಇದು ವಿರೋಧವೆಂದು ಮೊದಲು ತೋರಿತು. ಈಗ ಹಾಗೆ ತೋರುವುದಿಲ್ಲ. ಪರೀಕ್ಷಿಸಿದ ಮೇಲೆ ಬಂದ ಗೌರವಕ್ಕೂ ಪರೀಕ್ಷೆಯನ್ನು ತಡೆಯುವ ಗೌರವಕ್ಕೂ ಅಂತರವುಂಟಷ್ಟೆ.

ಇಲ್ಲಿ ಎದುರುಬದಿಯವರಿಗೂ ಒಂದು ಮಾತು ಹೇಳಬೇಕು. ಈ ಸುತ್ತವನ್ನು ವಿಜ್ಞಾನದ ಘೋಷಣಾಪತ್ರವೆಂದು ಕೊಂಡಾಡುವವರಿದ್ದಾರೆ. ಅದು ಅಷ್ಟು ಭಾರವನ್ನು ಹೊರಲಾರದು. ಭೂಮಿ ಸೂರ್ಯನನ್ನು ಸುತ್ತುವುದೋ ಇಲ್ಲವೋ ಎಂಬುದನ್ನು ಲೋಭ ದ್ವೇಷ ಮೋಹಗಳಿಂದ ಅಳೆಯಲು ಬರುವುದಿಲ್ಲ; ಮಗ್ಗಿಯನ್ನೂ ಅಳೆಯಲು ಬರುವುದಿಲ್ಲ. ಸುತ್ತದ ವಿಷಯ ನಡತೆ. ಡಾ. ಅಂಬೇಡ್ಕರರು 1957ರಲ್ಲಿ ಪ್ರಕಟವಾದ ತಮ್ಮ ‘ಬುದ್ಧ ಮತ್ತು ಅವನ ಧಮ್ಮ’ ಎಂಬ ಗ್ರಂಥದಲ್ಲಿ, ಬುದ್ಧವಚನವೆಂದು ಹೇಳಿಕೊಂಡು ಬಂದುದರಲ್ಲಿ ಯಾವುದನ್ನು ಒಪ್ಪಬೇಕೆಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಅವರು ಯುಕ್ತಿಯುಕ್ತತೆಯನ್ನು ಒರೆಗಲ್ಲಾಗಿ ಇಟ್ಟದ್ದು ನಿಜ; ಆದರೆ ಅದರ ಪಕ್ಕದಲ್ಲಿಯೇ ಮನುಷ್ಯನ ಹಿತವೆಂಬ ಇನ್ನೊಂದು ಒರೆಗಲ್ಲನ್ನೂ ಇಟ್ಟರು. ಅವರ ಹೆಸರಿನಲ್ಲಿ ಮೊದಲನೆಯದನ್ನು ಮಾತ್ರ ಹೇಳುವವರು ಅವರನ್ನು ಅರ್ಧ ಓದಿದವರೇ ಸರಿ.

ಇಷ್ಟು ಕೇಸಪುತ್ತದ ಮಾತಾಯಿತು. ನಮ್ಮ ಗಡಿನಾಡಿನ ಅಧ್ಯಾಪಕನಿಗೆ ಇನ್ನೊಂದು ಗ್ರಂಥವು ಹತ್ತಿರದಲ್ಲಿಯೇ ಇದೆ, ಅದು ಕಲ್ಲಿನದು. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಗುಡ್ಡದ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಶಾಸನಗಳೂ ಅವಲ್ಲದೆ ಕಿರುಶಾಸನಗಳೂ ಇವೆ. ನಮ್ಮ ಆದವಾನಿ, ಆಲೂರು, ರಾಯದುರ್ಗಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದುವೆಂಬುದು ಸರ್ವವಿದಿತ. ಮೌರ್ಯರ ಕಾಲದಲ್ಲಿ ಆ ಗೆರೆಯೇ ಇರಲಿಲ್ಲವಾಗಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಎರ್ರಗುಡಿಗೂ ಹೆಚ್ಚುಕಡಿಮೆ ಒಂದೇ ಆಜ್ಞೆ ಬಂದಿತು. ಬ್ರಹ್ಮಗಿರಿಯ ಮಹಾಮಾತ್ರರಿಗೆ ಆಜ್ಞೆ ಹೊರಟ ಸುವರ್ಣಗಿರಿಯು ಎರ್ರಗುಡಿಯ ನೆರೆಯ ಜೊನ್ನಗಿರಿಯೇ ಎಂದು ಕೆಲವು ವಿದ್ವಾಂಸರ ಮತ. ಕನಕಗಿರಿ ಎನ್ನುವವರೂ ಉಂಟು.

ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯ ಇವುಗಳ ಜೊತೆಗೆ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ಎರಡು ಕಡೆಗಳಲ್ಲಿಯೂ ಇದೆ. ಎರ್ರಗುಡಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚಿದೆ. ಆನೆ ಏರುವವರು, ಕರಣಕರು, ರಥಾಶ್ವಗಳನ್ನು ಪಳಗಿಸುವವರೆಂದು ವಿದ್ವಾಂಸರು ಅರ್ಥಮಾಡುವ ಯುಗ್ಯಾಚಾರ್ಯರು, ಬ್ರಾಹ್ಮಣರು, ಇವರೆಲ್ಲರೂ ತಮ್ಮ ತಮ್ಮ ಅಂತೇವಾಸಿಗಳಿಗೆ ಇದನ್ನು ಕಲಿಸಬೇಕೆಂದು ಆಜ್ಞೆಯಾಗಿದೆ. ಆ ‘ಕರಣಕ’ ಶಬ್ದವನ್ನು ಕಂಡಾಗ ನಮ್ಮ ಊರುಗಳ ಹಳೆಯ ಕರಣಿಕರು ನೆನಪಾಗಿ ನಗು ಬಂದಿತು. ಇರಲಿ. ಮಾವುತನನ್ನೂ ಲೆಕ್ಕ ಬರೆಯುವವನನ್ನೂ ವೇದ ಓದಿಸುವವನನ್ನೂ ಅಧ್ಯಾಪಕರೆಂಬ ಒಂದೇ ಪಂಕ್ತಿಯಲ್ಲಿ ಕೂಡಿಸಿದ ಇಂಥ ಆಜ್ಞೆ ನಮಗೆ ತಿಳಿದಂತೆ ಬೇರೆಲ್ಲಿಯೂ ಇಲ್ಲ. ಅದರಲ್ಲಿಯೂ ಮಾವುತನ ಹೆಸರು ಮೊದಲು.

ಆದರೆ ತೊಡಕೂ ಇಲ್ಲಿಯೇ. ಹೇಗೆ ಕಲಿಸಬೇಕು? ಪುರಾತನ ಪ್ರಕೃತಿಯಂತೆ, ಎಂದರೆ ಹಳೆಯ ಪದ್ಧತಿಯಂತೆ. ಪರಂಪರೆಯೆಂಬ ಕಾರಣಕ್ಕೆ ನಂಬಬೇಡಿರೆಂದು ಗುರು ಕೇಸಪುತ್ತದಲ್ಲಿ ಹೇಳಿದನು. ಪರಂಪರೆಯಂತೆ ನಡೆಯಿರೆಂದು ಅವನ ಉಪಾಸಕನಾದ ಅರಸನು ಎರ್ರಗುಡಿಯಲ್ಲಿ ಬರೆಯಿಸಿದನು. ಯಾರ ಮಾತನ್ನು ನಾವು ಶಾಲೆಗೆ ಒಯ್ಯಬೇಕು? ಇದು ಬರಿಯ ವಾಗ್ವಾದವಲ್ಲ. ನಮ್ಮ ಬಾಲ್ಯದ ಶಾಲೆಯಲ್ಲಿ ನೀರಿನ ಮಡಕೆಯನ್ನು ಮುಟ್ಟಕೂಡದ ಹುಡುಗರಿದ್ದರು. ಬಾಯಾರಿದರೆ ಅವರು ಜಗಲಿಯ ಕೆಳಗೆ ಬೊಗಸೆಯೊಡ್ಡಿ ನಿಲ್ಲಬೇಕು. ನಮ್ಮಂಥ ಹುಡುಗನೊಬ್ಬನು ಮೇಲಿನಿಂದ ನೀರು ಹೊಯ್ಯಬೇಕು. ನಾವೂ ಹೊಯ್ದಿದ್ದೇವೆ. ಯಾಕೆ ಹೀಗೆಂದು ಒಮ್ಮೆ ಕೇಳಿದ್ದಕ್ಕೆ ಗುರುಗಳು ಕೊಟ್ಟ ಉತ್ತರ, “ಹಿಂದಿನಿಂದ ಬಂದದ್ದು” ಎಂದು. ಅದೂ ಪುರಾತನ ಪ್ರಕೃತಿಯೇ ಅಲ್ಲವೆ? ಆ ಗುರುಗಳು ಕೆಟ್ಟವರಲ್ಲ. ನಮಗೆ ಹಳಗನ್ನಡದ ರುಚಿ ಹತ್ತಿಸಿದವರು ಅವರೇ.

ಈ ತೊಡಕಿಗೆ ಪರಿಹಾರವನ್ನು ನಾವು ಟೀಕೆಗಳಲ್ಲಿ ಹುಡುಕಿದೆವು. ಅದು ಅದೇ ಗುಡ್ಡದ ಮೇಲೆ, ಕೆಲವು ಹೆಜ್ಜೆಗಳಾಚೆ ಇತ್ತು. ಹದಿನಾಲ್ಕು ಶಾಸನಗಳಲ್ಲಿ ನಾಲ್ಕನೆಯದನ್ನು ನೋಡಿರಿ. ಹಿಂದೆ ನೂರಾರು ವರ್ಷಗಳ ಕಾಲ ಪ್ರಾಣಿಹಿಂಸೆಯೂ ಬಂಧುಗಳಲ್ಲಿ ಅನುಚಿತ ವರ್ತನೆಯೂ ಹೆಚ್ಚುತ್ತಲೇ ಬಂದುವೆಂದು ಅರಸನು ಅಲ್ಲಿ ಒಪ್ಪಿಕೊಂಡಿದ್ದಾನೆ. ಎಂದ ಮೇಲೆ ಹಿಂದೆ ನಡೆದುದೆಲ್ಲವೂ ಅವನ ಪಾಲಿಗೆ ಪುರಾತನ ಪ್ರಕೃತಿಯಾಗಿರಲು ಸಾಧ್ಯವಿಲ್ಲ. ಒಂಬತ್ತನೆಯದು ಇನ್ನೂ ಸ್ಪಷ್ಟ. ರೋಗ ಬಂದಾಗ, ಮದುವೆಯಲ್ಲಿ, ಮಕ್ಕಳು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನರು ಬಗೆಬಗೆಯ ಮಂಗಳಾಚರಣೆಗಳನ್ನು ಮಾಡುತ್ತಾರೆ. ಮಾಡಲಿ, ಆದರೆ ಅವು ಅಲ್ಪಫಲದವು ಎನ್ನುತ್ತಾನೆ. ಮಹಾಫಲದ ಮಂಗಳ ಯಾವುದೆಂದರೆ, ದಾಸರಲ್ಲಿಯೂ ಸೇವಕರಲ್ಲಿಯೂ ಸರಿಯಾದ ನಡತೆ, ಗುರುಗಳಲ್ಲಿ ಗೌರವ, ಪ್ರಾಣಿಗಳಲ್ಲಿ ಸಂಯಮ, ಶ್ರಮಣಬ್ರಾಹ್ಮಣರಿಗೆ ದಾನ. ಹಳೆಯ ಆಚಾರವನ್ನು ಫಲದ ತಕ್ಕಡಿಗೆ ಹಾಕಿ ತೂಗಿದವನು ಇಲ್ಲಿ ಅರಸನೇ. ಕಾಲಾಮರಿಗೆ ಗುರು ಕೊಟ್ಟ ತಕ್ಕಡಿಯೂ ಇದೇ. ಗುರುಗೌರವವನ್ನು ಅರಸನು ಉಳಿಸಿಕೊಂಡಿರುವುದು ಹಳೆಯದೆಂದಲ್ಲ, ತೂಕಕ್ಕೆ ನಿಂತಿತೆಂದು. ದಾಸನೊಡನೆ ನಡೆದುಕೊಳ್ಳುವ ರೀತಿ ಅದೇ ಪಟ್ಟಿಯಲ್ಲಿ ಗುರುಗೌರವಕ್ಕಿಂತ ಮುಂಚೆ ಬಂದಿರುವುದನ್ನು ನಮ್ಮಂಥ ಗುರುಗಳು ಗಮನಿಸಬೇಕು. ಬೊಗಸೆಗೆ ನೀರು ಹೊಯ್ಯಿಸಿದ ಆಚಾರವನ್ನು ಈ ತಕ್ಕಡಿಯಲ್ಲಿಟ್ಟರೆ ನಿಲ್ಲುವುದೇ?

ಅಶೋಕನು ಕಾಲಾಮಸುತ್ತವನ್ನು ಬಲ್ಲನೆಂದು ಹೇಳಲು ಆಧಾರವಿಲ್ಲ. ಆದರೆ ಅದರ ಒಡಹುಟ್ಟಿನಂಥ ಇನ್ನೊಂದನ್ನು ಬಲ್ಲನು. ರಾಜಸ್ಥಾನದ ಬೈರಾಟದಲ್ಲಿ ದೊರೆತು ಈಗ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿರುವ ಶಾಸನದಲ್ಲಿ, ಬುದ್ಧನು ಆಡಿದ್ದೆಲ್ಲ ಒಳ್ಳೆಯ ಮಾತೇ ಎಂದು ತಲೆಬಾಗಿ, ಅದರಲ್ಲಿಯೂ ಭಿಕ್ಷುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕಾದುವೆಂದು ಏಳು ಪಾಠಗಳನ್ನು ಆರಿಸಿದ್ದಾನೆ. ಏಳನೆಯದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಮಾಡಿದ ಉಪದೇಶ. ಮಜ್ಝಿಮನಿಕಾಯದಲ್ಲಿರುವ ಈ ಸುತ್ತವನ್ನು ಅಧ್ಯಾಪನ ಶಿಕ್ಷಣದ ವಿದ್ಯಾಲಯಗಳಲ್ಲಿ ಪಠ್ಯವಾಗಿ ಇಟ್ಟರೂ ಸಲ್ಲುತ್ತದೆ. ತಂದೆ ಬಂದನೆಂದು ಬಾಲಕ ರಾಹುಲನು ಕಾಲು ತೊಳೆಯಲು ನೀರಿಟ್ಟಿದ್ದಾನೆ. ಬುದ್ಧನು ಕಾಲು ತೊಳೆದು, ಪಾತ್ರೆಯಲ್ಲಿ ಒಂದಿಷ್ಟು ನೀರನ್ನು ಉಳಿಸಿ, ಇದು ಕಾಣಿಸುತ್ತದೆಯೆ ಎಂದು ಕೇಳುತ್ತಾನೆ. ತಿಳಿದೂ ತಿಳಿದೂ ಸುಳ್ಳಾಡಲು ನಾಚದವನಲ್ಲಿ ಉಳಿಯುವ ಸತ್ತ್ವ ಇಷ್ಟೇ ಎನ್ನುತ್ತಾನೆ. ಆ ನೀರನ್ನು ಚೆಲ್ಲುತ್ತಾನೆ. ಪಾತ್ರೆಯನ್ನು ಬೋರಲು ಹಾಕುತ್ತಾನೆ. ಮತ್ತೆ ಎತ್ತಿ ಅದರ ಬರಿದನ್ನು ತೋರಿಸುತ್ತಾನೆ. ಪಾಠೋಪಕರಣವೆಂದರೆ ಇದು! ಖರ್ಚಿಲ್ಲ, ಸರಕಾರದ ಮಂಜೂರಾತಿಯೂ ಬೇಡ. ಬಳಿಕ ಕೇಳುತ್ತಾನೆ, ಕನ್ನಡಿ ಇರುವುದೇತಕ್ಕೆ? ನೋಡಿಕೊಳ್ಳುವುದಕ್ಕೆ. ಹಾಗೆಯೇ ಕೆಲಸವನ್ನೂ ಮಾತನ್ನೂ ಮನಸ್ಸನ್ನೂ, ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ, ಇದರಿಂದ ತನಗಾಗಲಿ ಪರರಿಗಾಗಲಿ ಕೇಡಾಗುವುದೇ ಎಂದು ನೋಡಿಕೊಳ್ಳಬೇಕು. ಕೈಯಿಂದಲೋ ಮಾತಿನಿಂದಲೋ ಕೇಡಾಗಿ ಹೋಗಿದ್ದರೆ ಗುರುವಿನ ಮುಂದೆಯೋ ತಿಳಿದ ಜೊತೆಗಾರರ ಮುಂದೆಯೋ ಹೇಳಿಕೊಳ್ಳಬೇಕು.

ಇದು ಇಂದಿಗೆ ಹೊಂದುವುದೇ ಎಂದು ಕೇಳುವವರಿಗೆ ಅವರ ಕಿಸೆಯಲ್ಲಿರುವ ಫೋನೇ ಉತ್ತರ. ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಲು ಬೆರಳು ಎತ್ತಿದ ಕ್ಷಣವಿದೆಯಲ್ಲ, ಅದೇ ಆ ‘ಮೊದಲು’. ಕೇಳಿಬಂದದ್ದು, ವದಂತಿ, ನಮ್ಮ ದೃಷ್ಟಿಗೆ ಹೊಂದಿಬಂದದ್ದು, ನಮ್ಮವರು ಕಳುಹಿಸಿದ್ದು, ಹೀಗೆ ಕಾಲಾಮರ ಪಟ್ಟಿಯ ಅರ್ಧವು ಒಂದೇ ಸುದ್ದಿಯಲ್ಲಿ ಕೂಡಿಬಂದಿರುವುದುಂಟು. ಸುದ್ದಿ ನಿಜವೋ ಸುಳ್ಳೋ ಎಂಬುದನ್ನು ಬೇರೆ ದಾರಿಯಿಂದಲೇ ತಿಳಿಯಬೇಕು. ಅದನ್ನು ಓದಿದಾಗ ಎದೆಯಲ್ಲಿ ಏನು ಏರಿತೆಂಬುದನ್ನು ಮಾತ್ರ ಆಗಲೇ ತಿಳಿಯಬಹುದು.

ನಮ್ಮ ಎದೆಯಲ್ಲಿ ಏರಿದ್ದನ್ನೂ ಹೇಳಿಬಿಡುತ್ತೇವೆ. ಕನ್ನಡ ಅಧ್ಯಾಪಕರ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ನಮ್ಮ ನುಡಿಯ ಪ್ರಾಚೀನತೆಯನ್ನು ಹೊಗಳುತ್ತ ಹೊಗಳುತ್ತ ನೆರೆನುಡಿಯನ್ನು ಹಳಿಯತೊಡಗಿದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು, ಜೋರಾಗಿಯೇ. ಪಾಠಪುಸ್ತಕಗಳು ತಡವಾಗಿ ಬರುವ, ಖಾಲಿಯಾದ ಕನ್ನಡ ಹುದ್ದೆಗಳು ಖಾಲಿಯಾಗಿಯೇ ಉಳಿಯುವ ನಾಡಿನಲ್ಲಿ ಅಂಥ ಚಪ್ಪಾಳೆಗೆ ಕಾರಣವಿಲ್ಲವೆನ್ನಲಾರೆವು. ಹಕ್ಕನ್ನು ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ನಮ್ಮದನ್ನು ಬೆಳಗಿಸಿ ಪರರದನ್ನು ತುಳಿಯುವುದು ಕಾಲಾಮರ ಊರಿಗೆ ಬಂದುಹೋಗುತ್ತಿದ್ದವರ ಕಸುಬಾಗಿತ್ತಷ್ಟೆ! ಎರ್ರಗುಡಿಯ ಹನ್ನೆರಡನೆಯ ಶಾಸನವು ಇದನ್ನೇ ಕುರಿತದ್ದು. ನಾಲಗೆಯ ಸಂಯಮವೇ ಮೂಲವೆಂದೂ, ತನ್ನ ಪಂಥದ ಭಕ್ತಿಯಿಂದ ಪರಪಂಥವನ್ನು ನಿಂದಿಸುವವನು ತನ್ನದಕ್ಕೇ ಹೆಚ್ಚಿನ ಕೇಡು ಮಾಡುವನೆಂದೂ, ಒಬ್ಬರ ಧರ್ಮವನ್ನೊಬ್ಬರು ಕೇಳಿ ತಿಳಿಯಬೇಕೆಂದೂ ಅಲ್ಲಿದೆ. ಅರಸನು ಪಂಥಗಳ ವಿಷಯವಾಗಿ ಹೇಳಿದ್ದನ್ನು ನಾವು ನುಡಿಗಳಿಗೆ ಹಚ್ಚುತ್ತಿದ್ದೇವೆ, ಹೊಣೆ ನಮ್ಮದು. ನಮ್ಮ ತರಗತಿಯ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವವರೇ ಹೆಚ್ಚು. ಆ ಹುಡುಗಿಯೂ ಅಂಥವಳೇ. ಅವಳು ಆ ಸಭೆಯಲ್ಲಿ ಇದ್ದಿದ್ದರೆ ಯಾವ ಪ್ರಶ್ನೆ ಕೇಳುತ್ತಿದ್ದಳೋ!

ಗಡಿನಾಡಿನ ಮತ್ತೊಂದು ತುದಿಯಲ್ಲಿ, ಮಂಜೇಶ್ವರದ ಗೋವಿಂದ ಪೈಗಳು ತಮ್ಮ ‘ವೈಶಾಖಿ’ಗೆ ಬುದ್ಧನ ಅಂತ್ಯಕಾಲವನ್ನೇ ವಸ್ತುವಾಗಿ ಆರಿಸಿಕೊಂಡರು. ಆ ಅಂತ್ಯಕಾಲವನ್ನು ವರ್ಣಿಸುವ ಪಾಳಿಯ ಮಹಾಪರಿನಿಬ್ಬಾನ ಸುತ್ತದಲ್ಲಿ ‘ಆಚಾರ್ಯಮುಷ್ಟಿ’ ಎಂಬರ್ಥದ ಒಂದು ಪದ ಬರುತ್ತದೆ. ಒಂದಷ್ಟನ್ನು ಶಿಷ್ಯನಿಗೆ ಕೊಡದೆ ಗುರು ಬಿಗಿಹಿಡಿದುಕೊಳ್ಳುವ ಮುಚ್ಚಿದ ಕೈ ಅದು. ತನಗೆ ಅಂಥ ಮುಷ್ಟಿ ಇಲ್ಲವೆಂದು ಮುದುಕನಾದ ಬುದ್ಧನು ಆನಂದನಿಗೆ ಹೇಳುತ್ತಾನೆ. ಮಹಾವಿದ್ಯೆಯನ್ನು ಬಚ್ಚಿಡುವ ಯೋಗ್ಯತೆ ನಮಗಿಲ್ಲ. ನಮ್ಮ ಮುಷ್ಟಿಯಲ್ಲಿರುವುದು ಸಾಮಾನ್ಯವಾಗಿ ಒಂದೇ, ‘ಇದು ನನಗೆ ಗೊತ್ತಿಲ್ಲ’ ಎಂಬ ಮಾತು.

ಮುಂದಿನ ಚಳಿಗಾಲದಲ್ಲಿ ಮಕ್ಕಳನ್ನು ಎರ್ರಗುಡಿಗೆ ಕರೆದೊಯ್ದೆವು. ಹುಡುಗಿ ಆಗ ಹತ್ತನೆಯ ತರಗತಿಯಲ್ಲಿದ್ದಳು. ಹೋಗುವ ಮುನ್ನ ತರಗತಿಯಲ್ಲಿ, ಹಿಂದಿನ ವರ್ಷ ಹಲಗೆಯ ಮೇಲೆ ಬರೆದದ್ದು ತಪ್ಪು ಪಾಠವೆಂದೂ, ಅವಳನ್ನು ಗದರಿಸಿ ಕೂರಿಸಿದ್ದು ಅದಕ್ಕಿಂತ ದೊಡ್ಡ ತಪ್ಪೆಂದೂ ಹೇಳಿದ್ದೆವು. ಅವಳು ತಲೆ ತಗ್ಗಿಸಿದಳೇ ಹೊರತು ಏನೂ ಅನ್ನಲಿಲ್ಲ. ಕಿರುಶಾಸನದಲ್ಲಿ ಒಂದು ವಿಶೇಷವುಂಟು. ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನದು ಬಲದಿಂದ ಎಡಕ್ಕೆ ಮರಳುತ್ತದೆ, ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗಿದಂತೆ. ಅಚ್ಚಿನ ಬ್ರಾಹ್ಮಿ ವರ್ಣಮಾಲೆಯನ್ನು ಕೈಯಲ್ಲಿ ಹಿಡಿದು ನಾವು ಅದನ್ನು ತೋರಿಸುತ್ತಿದ್ದಾಗ ಅವಳು ಮುಂದೆ ಬಂದು ಕೇಳಿದಳು, “ಯಾಕ್ ಸಾರ್ ಹಿಂಗ್ ಬರ್ದಾರೆ?”

ನಮಗೆ ಗೊತ್ತಿಲ್ಲವೆಂದೆವು. ಅವಳು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದಳು. ಬಳಿಕ ಬಂಡೆಯನ್ನು ಮುಟ್ಟದೆ, ಗಾಳಿಯಲ್ಲಿಯೇ ಬೆರಳಾಡಿಸುತ್ತ, ಸಾಲು ಎಲ್ಲಿ ತಿರುಗುತ್ತದೆಂದು ಹುಡುಕತೊಡಗಿದಳು.